ಬೆವರಿನ ಲೆಕ್ಕ ಯಾರ ಪುಸ್ತಕದಲ್ಲಿ?

ಮನುಷ್ಯನ ಮೈಯನ್ನು ಅಳೆಯುವುದು ಹೊಸದೇನಲ್ಲ. ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ. ಸೈನ್ಯಕ್ಕೆ ಸೇರಿಸಿಕೊಳ್ಳುವವನು ಎದೆಗೆ ಟೇಪು ಸುತ್ತುತ್ತಾನೆ. ಗುಲಾಮರ ಸಂತೆಯಲ್ಲಿ ಕಪ್ಪು ಜನರ ಬಾಯಿ ತೆರೆಸಿ, ತೋಳು ಹಿಚುಕಿ ನೋಡಿ ಬೆಲೆ ಕಟ್ಟಿದ ಚರಿತ್ರೆ ಅಮೆರಿಕದ್ದು. ಅದೇ ಅಮೆರಿಕದಲ್ಲಿ ಇವತ್ತು ಮನುಷ್ಯನ ಮೈಯನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯುವ ಒಂದು ಜಾಗ ಅಂದರೆ ಬ್ಯಾಸ್ಕೆಟ್‌ಬಾಲ್ ಅಂಕಣ.

ಎನ್‌ಬಿಎ ಅನ್ನುವುದು ಅಲ್ಲಿಯ ದೊಡ್ಡ ವೃತ್ತಿಪರ ಕೂಟ. 30 ತಂಡಗಳು. ಒಂದೊಂದು ತಂಡಕ್ಕೂ ಋತುವಿಗೆ 82 ಪಂದ್ಯ. ಆಡುವವರಲ್ಲಿ ಬಹುಪಾಲು ಕಪ್ಪು ಜನ. ತಂಡಗಳ ಮಾಲೀಕರಲ್ಲಿ ಬಹುಪಾಲು ಬಿಳಿಯರು. 2013-14ರ ಋತುವಿನಲ್ಲಿ ಈ ಕೂಟದ ಎಲ್ಲ ಕ್ರೀಡಾಂಗಣಗಳ ಚಾವಣಿಗೂ ಆರಾರು ಕ್ಯಾಮೆರಾ ಕಟ್ಟಿದರು. ಸ್ಪೋರ್ಟ್‌ವಿಯು ಅಂತ ಆ ಏರ್ಪಾಡಿನ ಹೆಸರು. ಚೆಂಡು ಎಲ್ಲಿದೆ, ಅಂಕಣದ ಹತ್ತು ಜನ ಎಲ್ಲೆಲ್ಲಿದ್ದಾರೆ ಅಂತ ಸೆಕೆಂಡಿಗೆ 25 ಸಲ ಅದು ಗುರುತು ಹಾಕಿಕೊಳ್ಳುತ್ತಿತ್ತು. ಯಾರು ಎಷ್ಟು ದೂರ ಓಡಿದ, ಎಷ್ಟು ವೇಗದಲ್ಲಿ ಓಡಿದ, ಕೊನೆಯ ಹತ್ತು ನಿಮಿಷದಲ್ಲಿ ಆ ವೇಗ ಎಷ್ಟು ಇಳಿಯಿತು, ಎಲ್ಲವೂ ಲೆಕ್ಕಕ್ಕೆ ಬಂತು. 2023-24ರಿಂದ ಹಾಕ್-ಐ ಅನ್ನುವ ಇನ್ನೂ ಸೂಕ್ಷ್ಮ ಏರ್ಪಾಡು ಬಂದಿದೆ. ಅದು ಒಬ್ಬೊಬ್ಬ ಆಟಗಾರನ ಮೈಮೇಲೆ 29 ಬಿಂದುಗಳನ್ನು ಹಿಡಿದು ಕೀಲು ಕೀಲಿನ ಚಲನೆಯನ್ನೂ ಬರೆದುಕೊಳ್ಳುತ್ತದೆ. ಅಭ್ಯಾಸದ ಹೊತ್ತಿನಲ್ಲಿ ಹೆಗಲೆಲುಬುಗಳ ನಡುವೆ ಒಂದು ಪುಟ್ಟ ಯಂತ್ರ, ಎದೆಬಡಿತಕ್ಕೆ ಒಂದು ಪಟ್ಟಿ, ನಿದ್ದೆ ಅಳೆಯಲು ಮಣಿಕಟ್ಟಿಗೆ ಇನ್ನೊಂದು. ಎಚ್ಚರವೂ ಲೆಕ್ಕ, ನಿದ್ದೆಯೂ ಲೆಕ್ಕ.

"ನಮ್ಮ ಶಾಲೆ ಬಯಲಿನಲ್ಲಿ ಒಂದು ಕಂಬ ನೆಡಲು ಕಾಸಿಲ್ಲ, ನಿನಗೆ ಅಮೆರಿಕದ ಚೆಂಡಾಟ ಯಾಕಯ್ಯ?" ಎಂದು ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆ ಚಾವಣಿಯ ಕೆಳಗೆ ನಡೆಯುತ್ತಿರುವುದು ಆಟವೊಂದೇ ಅಲ್ಲ. ದುಡಿಯುವವನ ಮೈಯನ್ನು ಯಾರು ಎಣಿಸಬೇಕು, ಎಣಿಸಿದ ಲೆಕ್ಕ ಯಾರದು, ಆ ಲೆಕ್ಕವನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಕೂಡದು ಅನ್ನುವ ಪ್ರಶ್ನೆಗಳು ಅಲ್ಲಿ ಬೆಳಕಿಗೆ ಬಂದಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಕಡಿಮೆ. ದುಡಿಯುವ ಮೈ ಇರುವ ಕಡೆಯೆಲ್ಲ ಈ ಪ್ರಶ್ನೆ ಇದೆ.

ಮೊದಲು ಒಂದು ಮಾತು. ಯಂತ್ರ ಕಂಡರೆ ಬೆಚ್ಚುವುದು, ಅಂಕಿ ಕಂಡರೆ ಉಗಿಯುವುದು ನಮ್ಮ ದಾರಿಯಲ್ಲ. ಎಣಿಸದೆ ಬಿಡುವುದೂ ಒಂದು ಅನ್ಯಾಯವೇ. ಇದಕ್ಕೆ ಬಿಲ್ ರಸೆಲ್ ಸಾಕ್ಷಿ.

ರಸೆಲ್ ಬಾಸ್ಟನ್ ತಂಡದ ಕಪ್ಪು ಆಟಗಾರ. 1956ರಿಂದ 1969ರವರೆಗೆ 13 ಋತು ಆಡಿದ. ಅದರಲ್ಲಿ 11 ಸಲ ಅವನ ತಂಡ ಕಿರೀಟ ಗೆದ್ದಿತು. ಅವನ ನಿಜವಾದ ಶಕ್ತಿ ಇದ್ದದ್ದು ತಡೆಯುವುದರಲ್ಲಿ. ಎದುರಾಳಿ ರಿಂಗಿನ ಕಡೆ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದು, ಅದು ಹೊರಗೆ ಹೋಗದ ಹಾಗೆ ತನ್ನವರ ಕೈಗೇ ಬೀಳಿಸುತ್ತಿದ್ದ. ಆಟದ ರೀತಿಯನ್ನೇ ಅವನು ಬದಲಿಸಿದ. ಆದರೆ ಅಂಥ ತಡೆಗಳು ಒಟ್ಟು ಎಷ್ಟು? ಅಧಿಕೃತ ದಾಖಲೆಯಲ್ಲಿ ಒಂದೂ ಇಲ್ಲ. ಎನ್‌ಬಿಎ ತಡೆಗಳನ್ನು ಎಣಿಸಲು ಶುರುಮಾಡಿದ್ದು 1973-74ರಲ್ಲಿ. ಆ ಹೊತ್ತಿಗೆ ರಸೆಲ್ ಆಟ ಬಿಟ್ಟು ನಾಲ್ಕು ವರ್ಷ ದಾಟಿತ್ತು. ಅಂಕ ಗಳಿಸಿದವನ ಅಂಕ ಪುಸ್ತಕದಲ್ಲಿದೆ. ಅಂಕ ಬೀಳದ ಹಾಗೆ ಕಾದವನ ಕೆಲಸ ಪುಸ್ತಕದಲ್ಲಿಲ್ಲ.

ಇದನ್ನು ಯಾರೋ ಬೇಕೆಂದೇ ಮಾಡಿದ ಮೋಸ ಅಂತ ನಾನು ಹೇಳುವುದಿಲ್ಲ. ಯಾವುದು ಕೆಲಸ, ಯಾವುದು ಕೆಲಸವಲ್ಲ ಅಂತ ಮೊದಲೇ ತೀರ್ಮಾನ ಮಾಡಿದವರು ಪುಸ್ತಕಕ್ಕೆ ಗೆರೆ ಎಳೆದಿದ್ದರು. ಆ ಗೆರೆಗಳ ನಡುವೆ ರಸೆಲ್‌ನ ದುಡಿಮೆಗೆ ಒಂದು ಅಂಕಣ ಇರಲಿಲ್ಲ, ಅಷ್ಟೆ. ಕಸ ಗುಡಿಸಿದವರ, ಬಟ್ಟೆ ಒಗೆದವರ, ಬಾಣಂತನ ಮಾಡಿದವರ ದುಡಿಮೆ ಯಾವ ಪುಸ್ತಕದಲ್ಲೂ ಕಾಣದೆ ಹೋದದ್ದು ಹೀಗೇ ಅಲ್ಲವೇ?

ಹಾಗಾಗಿ ಎಣಿಕೆ ಬಂದಾಗ ಕೆಲವರ ಕೆಲಸ ಮೊದಲ ಸಲ ಕಣ್ಣಿಗೆ ಬಿತ್ತು ಅನ್ನುವುದನ್ನು ಒಪ್ಪಬೇಕು. ಹ್ಯೂಸ್ಟನ್ ತಂಡದಲ್ಲಿ ಶೇನ್ ಬ್ಯಾಟಿಯರ್ ಅಂತ ಒಬ್ಬನಿದ್ದ. ಹಳೆಯ ಪುಸ್ತಕದ ಪ್ರಕಾರ ಅವನು ಸಾಧಾರಣ ಆಟಗಾರ. ಹೆಚ್ಚು ಅಂಕ ಇಲ್ಲ, ಹೆಚ್ಚು ಚೆಂಡು ಹಿಡಿದದ್ದೂ ಇಲ್ಲ. ಆದರೆ ಅವನು ಅಂಕಣದಲ್ಲಿ ಇದ್ದ ನಿಮಿಷಗಳನ್ನೂ ಇಲ್ಲದ ನಿಮಿಷಗಳನ್ನೂ ಬೇರೆ ಬೇರೆ ಮಾಡಿ ನೋಡಿದಾಗ, ಅವನಿದ್ದಾಗ ತನ್ನವರ ಆಟ ಮೇಲೇರುತ್ತಿತ್ತು, ಎದುರಾಳಿಗಳ ಆಟ ಕೆಳಗಿಳಿಯುತ್ತಿತ್ತು. 2009ರಲ್ಲಿ ಮೈಕೇಲ್ ಲೂಯಿಸ್ ಅನ್ನುವ ಲೇಖಕ ಇದನ್ನು ಬರೆದು ಲೋಕಕ್ಕೆ ತಿಳಿಸಿದ. ಎದುರಾಳಿ ಯಾವ ಜಾಗದಿಂದ ಎಸೆದರೆ ಗುರಿ ತಪ್ಪುತ್ತಾನೆ ಅನ್ನುವ ಲೆಕ್ಕ ಓದಿಕೊಂಡು, ಕೋಬಿ ಬ್ರಯಂಟ್‌ನಂಥ ಮಹಾ ಆಟಗಾರನನ್ನೂ ಆ ಜಾಗಕ್ಕೇ ತಳ್ಳುತ್ತಾ ಹೋಗುವುದು ಬ್ಯಾಟಿಯರ್‌ನ ವಿದ್ಯೆ. ಲೆಕ್ಕ ಅವನ ಕೈಗೆ ಬಂದಿತ್ತು. ಕೈಗೆ ಬಂದದ್ದರಿಂದ ಅದು ಅವನ ಆಯುಧವಾಯಿತು.

ಇನ್ನೊಂದು ಉದಾಹರಣೆ, ಹಳ್ಳಿಯ ಮೇಷ್ಟ್ರುಗಳು ಕರಿಹಲಗೆಯ ಮೇಲೇ ತೋರಿಸಬಹುದಾದದ್ದು. ರಿಂಗಿನ ಅಗಲ 18 ಅಂಗುಲ. ಚೆಂಡಿನ ಅಗಲ ಸುಮಾರು 9.4 ಅಂಗುಲ. ಒಂದು ಬಳೆಯನ್ನು ಮೇಲಿನಿಂದ ನೋಡಿ, ಪೂರ್ತಿ ದುಂಡಗೆ ಕಾಣುತ್ತದೆ. ಓರೆಯಾಗಿ ನೋಡಿ, ಬಾಯಿ ಕಿರಿದಾಗುತ್ತದೆ. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದರೆ ಅದರ ಪಾಲಿಗೆ ರಿಂಗಿನ ಬಾಯಿ 12.7 ಅಂಗುಲ. 30 ಡಿಗ್ರಿಯಲ್ಲಿ ಬಂದರೆ ಬರೀ 9 ಅಂಗುಲ, ಅಂದರೆ ಚೆಂಡಿಗಿಂತ ಚಿಕ್ಕದು. ರಿಂಗಿಗೆ ತಾಗದೆ ಒಳಗೆ ಬೀಳುವ ಮಾತೇ ಇಲ್ಲ. ನೋವಾ ಅನ್ನುವ ಅಮೆರಿಕದ ಏರ್ಪಾಡು ಇದನ್ನೇ ಮಾಡುತ್ತದೆ. ಒಂದೊಂದು ಎಸೆತದ ಕೋನವನ್ನೂ ಅಳೆದು ಆಟಗಾರನಿಗೆ ಅಲ್ಲೇ ಕೂಗಿ ಹೇಳುತ್ತದೆ. 45ರ ಸುತ್ತಮುತ್ತ ಇರು ಅನ್ನುತ್ತದೆ. ಎಸೆದವನಿಗೆ ತಕ್ಷಣ ಗೊತ್ತಾಗುತ್ತದೆ, ಮುಂದಿನ ಎಸೆತ ತಿದ್ದಿಕೊಳ್ಳುತ್ತಾನೆ. ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಇದು ವಿದ್ಯೆ. ಮೈಗೂ ಮನಸ್ಸಿಗೂ ನಡುವೆ ಇದ್ದ ಕತ್ತಲೆಯನ್ನು ಇದು ಸ್ವಲ್ಪ ಸರಿಸುತ್ತದೆ.

ಹಾಗಾದರೆ ತಕರಾರು ಎಲ್ಲಿ?

ನಮ್ಮ ಮನೆಯ ಒಂದು ಮಾತು ಹೇಳುತ್ತೇನೆ. ನಾನು ಹುಟ್ಟುವ ಮೊದಲಿನದು, ಅವ್ವ ಹೇಳಿದ್ದು. ನಮ್ಮ ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಕೂಲಿಗೆ ಹೋದ ದಿನವೆಲ್ಲ ಸಂಜೆ ಗುಡಿಸಲಿನ ಗೋಡೆಗೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯುತ್ತಿದ್ದನಂತೆ. ಸುಗ್ಗಿ ಮುಗಿದ ಮೇಲೆ ಲೆಕ್ಕಕ್ಕೆ ಹೋದರೆ, ಗೋಡೆಯಲ್ಲಿ ನಲವತ್ತು ಗೀಟು, ಒಡೆಯನ ಪುಸ್ತಕದಲ್ಲಿ ಮೂವತ್ತೊಂದು ದಿನ. "ನಲವತ್ತಾಯ್ತು ಬುದ್ಧಿ" ಅಂದರೆ, "ಹಂಗಾದ್ರೆ ಗೋಡೆ ಕಿತ್ಕೊಂಡು ಬಾರ್ಲಾ, ನೋಡಾನ" ಅಂದನಂತೆ ಒಡೆಯ. ಇಬ್ಬರೂ ಎಣಿಸಿದ್ದರು. ಒಬ್ಬನ ಎಣಿಕೆಗೆ ಕೂಲಿ ಕೊಡಿಸುವ ಶಕ್ತಿ ಇತ್ತು, ಇನ್ನೊಬ್ಬನದಕ್ಕೆ ಇರಲಿಲ್ಲ. ಎಣಿಕೆ ಸರಿಯೋ ತಪ್ಪೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇದು.

ಈಗ ಮತ್ತೆ ಅಮೆರಿಕದ ಆ ಚಾವಣಿಯ ಕೆಳಗೆ ಹೋಗೋಣ. 2016ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮ್ಯಾಥ್ಯೂ ಡೆಲವೆಡೋವಾ ಅನ್ನುವ ಆಟಗಾರ ಎದೆಬಡಿತ, ದಣಿವು ಅಳೆಯುವ ವೂಪ್ ಅನ್ನುವ ಪಟ್ಟಿಯೊಂದನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಕೆಲವು ಪಂದ್ಯ ಆಡಿದ. ವಿಷಯ ಗೊತ್ತಾದ ಕೂಡಲೇ ಕೂಟದವರು ಬಿಚ್ಚು ಅಂದರು. ಅಂಥದನ್ನು ಪಂದ್ಯದಲ್ಲಿ ತೊಡಲು ಅನುಮತಿ ಇಲ್ಲ ಅನ್ನುವುದು ನಿಯಮ. ಇರಲಿ, ನಿಯಮಕ್ಕೆ ಅದರದೇ ಕಾರಣಗಳಿರಬಹುದು. ಆದರೆ ಆ ಹೊತ್ತಿನ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ತಲೆಯ ಮೇಲೆ ಆರು ಕ್ಯಾಮೆರಾ ಅವನ ಒಂದೊಂದು ಹೆಜ್ಜೆಯನ್ನೂ ಬರೆದುಕೊಳ್ಳುತ್ತಿವೆ. ಅದಕ್ಕೆ ಅನುಮತಿ ಇದೆ. ತನ್ನ ಎದೆ ಎಷ್ಟು ಬಡಿಯಿತು ಅಂತ ತಾನೇ ತಿಳಿಯಹೊರಟವನ ಪಟ್ಟಿಗೆ ಅನುಮತಿ ಇಲ್ಲ. ಒಡೆಯನ ಪುಸ್ತಕ ಒಂದು ಕಡೆ, ಇದ್ದಿಲ ಗೀಟು ಇನ್ನೊಂದು ಕಡೆ.

ಆಟಗಾರರು ಇದನ್ನು ಅರ್ಥ ಮಾಡಿಕೊಳ್ಳದ ದಡ್ಡರಲ್ಲ. ಅವರಿಗೆ 1954ರಿಂದ ಸಂಘ ಇದೆ. 2017ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಆ ಸಂಘ ಕೆಲವು ಮಾತು ಬರೆಸಿತು. ಮೈಮೇಲೆ ತೊಡುವ ಯಂತ್ರವನ್ನು ತೊಡುತ್ತೇನೆ ಅನ್ನುವುದೂ ಒಲ್ಲೆ ಅನ್ನುವುದೂ ಆಟಗಾರನ ಇಷ್ಟ. ಅದು ಏನು ಅಳೆಯುತ್ತದೆ, ಯಾತಕ್ಕೆ ಅಳೆಯುತ್ತದೆ ಅಂತ ತಂಡದವರು ಮೊದಲೇ ಬರೆದುಕೊಡಬೇಕು. ಅವನ ಲೆಕ್ಕವನ್ನು ಅವನು ಪೂರ್ತಿ ನೋಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಂಬಳದ ಮಾತುಕತೆಯಲ್ಲಿ ಆ ಲೆಕ್ಕವನ್ನು ಅವನ ಮುಂದೆ ಹಿಡಿಯಕೂಡದು. ಹಿಡಿದರೆ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ.

ಈ ಕೊನೆಯ ಮಾತು ಯಾಕೆ ಬೇಕಾಯಿತು? ಯೋಚಿಸಿ. ಮೊಣಕಾಲಿನ ದಣಿವು ಗೊತ್ತಾದರೆ ವೈದ್ಯ ಅದನ್ನು ವಾಸಿ ಮಾಡಬಹುದು. ಅದೇ ಚೀಟಿ ಮಾಲೀಕನ ಮೇಜಿಗೆ ಹೋದರೆ, "ಈ ಕಾಲು ಇನ್ನೆರಡು ವರ್ಷ, ಬೆಲೆ ಇಳಿಸು" ಅನ್ನಬಹುದು. ಒಂದೇ ಅಂಕಿ. ವೈದ್ಯನ ಕೈಯಲ್ಲಿ ಮದ್ದು, ಮಾಲೀಕನ ಕೈಯಲ್ಲಿ ತಕ್ಕಡಿ. ಅಂಕಿಗೆ ತನ್ನದೇ ನೀತಿ ಇಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅಂಕಿ ಗಾಳಿಯಲ್ಲಿ ತೇಲುವುದಿಲ್ಲ. ಅದು ಯಾವಾಗಲೂ ಯಾರದೋ ಮೇಜಿನ ಮೇಲೇ ಇರುತ್ತದೆ.

ಒಪ್ಪಂದ ಗಟ್ಟಿಯಾದದ್ದು, ನಿಜ. ಆದರೆ ಅದು ಹೇಳುವುದು ಮೈಮೇಲೆ ತೊಡುವ ಯಂತ್ರದ ಮಾತು. ಚಾವಣಿಯ ಕಣ್ಣನ್ನು ಯಾರೂ ತೊಡುವುದಿಲ್ಲ. ತೊಡದೆ ಇರುವುದನ್ನು ಬಿಚ್ಚಿಡುತ್ತೇನೆ ಅನ್ನುವುದು ಹೇಗೆ? ಮೈಯ 29 ಬಿಂದುಗಳನ್ನು ದೂರದಿಂದಲೇ ಹಿಡಿಯಬಲ್ಲ ಕ್ಯಾಮೆರಾ ಬಂದ ಮೇಲೆ, ಒಲ್ಲೆ ಅನ್ನುವ ಹಕ್ಕಿನ ಕಾಲ ಕೆಳಗಿನ ನೆಲವೇ ಕುಸಿಯುತ್ತಿದೆ. ಹಕ್ಕನ್ನು ಕಾಗದದಲ್ಲಿ ಬರೆಸಿಕೊಂಡು ಮಲಗಿದವನನ್ನು ಯಂತ್ರ ಕಾಯುವುದಿಲ್ಲ.

"ಆಟಗಾರನ ಒಳ್ಳೆಯದಕ್ಕೇ ಇದೆಲ್ಲ" ಅನ್ನುತ್ತಾರೆ. ಎಷ್ಟು ನಿಜ ನೋಡೋಣ. 2018-19ರಲ್ಲಿ ಟೊರೊಂಟೊ ತಂಡ ಗಾಯದಿಂದ ಎದ್ದು ಬಂದಿದ್ದ ಕವಾಯ್ ಲೆನರ್ಡ್‌ನನ್ನು ಎಣಿಸಿ ಎಣಿಸಿ ಆಡಿಸಿತು. 82 ಪಂದ್ಯಗಳಲ್ಲಿ ಅವನು ಆಡಿದ್ದು 60. ಉಳಿದದ್ದರಲ್ಲಿ ಬಹಳಷ್ಟು ವಿಶ್ರಾಂತಿ. ಕೊನೆಗೆ ಅವನೂ ಗೆದ್ದ, ತಂಡವೂ ಗೆದ್ದಿತು. ಮೈ ಹೇಳಿದ್ದನ್ನು ಕೇಳಿದರೆ ಮೈ ಉಳಿಯುತ್ತದೆ ಅನ್ನುವುದಕ್ಕೆ ಇದನ್ನು ಎತ್ತಿ ತೋರಿಸಿದರು. ಬೇರೆ ತಂಡಗಳೂ ತಾರೆಗಳನ್ನು ಕೂರಿಸತೊಡಗಿದವು. ಆಗ ಟಿವಿಯವರಿಗೂ ಟಿಕೆಟ್ ಕೊಂಡವರಿಗೂ ಬೇಸರ. 2023ರಲ್ಲಿ ಕೂಟ ಹೊಸ ನಿಯಮ ತಂದಿತು. ತಾರೆಗಳನ್ನು ಮನಸ್ಸಿಗೆ ಬಂದಂತೆ ಕೂರಿಸುವ ಹಾಗಿಲ್ಲ, ದೇಶವೆಲ್ಲ ನೋಡುವ ಟಿವಿ ಪಂದ್ಯಗಳಲ್ಲಂತೂ ಇಲ್ಲ. ದೊಡ್ಡ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕು. ದೂರದಿಂದ ಬಂದು ಟಿಕೆಟ್ ಕೊಂಡ ಬಡವನ ಬೇಸರ ಸುಳ್ಳಲ್ಲ. ಆದರೂ ಕೇಳಲೇಬೇಕು: ಮೈಯ ಲೆಕ್ಕ ವಿಶ್ರಾಂತಿ ಅಂತಲೂ ಮಾರುಕಟ್ಟೆಯ ಲೆಕ್ಕ ದುಡಿ ಅಂತಲೂ ಹೇಳಿದ ದಿನ, ಗೆದ್ದ ಲೆಕ್ಕ ಯಾವುದು?

ಮಾರುಕಟ್ಟೆಯ ಇನ್ನೊಂದು ಬಾಗಿಲೂ ತೆರೆದಿದೆ. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆಟದ ಬೆಟ್ಟಿಂಗಿಗೆ ಅಡ್ಡವಾಗಿದ್ದ ಕೇಂದ್ರದ ಕಾಯಿದೆಯನ್ನು ಹೊಡೆದುಹಾಕಿತು. ಅಲ್ಲಿಂದ ಪಂದ್ಯದ ಅಧಿಕೃತ ಲೆಕ್ಕ ಜೂಜಿನ ಕಂಪನಿಗಳಿಗೂ ಹರಿಯುವ ಸರಕು. ಆಟಗಾರನನ್ನು ಸುಧಾರಿಸಲು ಅಂತ ಶುರುವಾದ ಎಣಿಕೆ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

ಎಣಿಕೆ ಆಟದ ಸೊಗಸಿಗೂ ಕೈ ಹಾಕುತ್ತದೆ. ದೂರದಿಂದ ಎಸೆದರೆ ಮೂರು ಅಂಕ, ಹತ್ತಿರದಿಂದ ಎರಡು. ನೂರು ಸಲ ದೂರದಿಂದ ಎಸೆದು 36 ಬಿದ್ದರೆ 108 ಅಂಕ. ನಡುವಿನ ಜಾಗದಿಂದ ನೂರು ಎಸೆದು 40 ಬಿದ್ದರೆ 80. ಲೆಕ್ಕ ಸರಿ. ಅದಕ್ಕೇ 1979-80ರಲ್ಲಿ ತಂಡವೊಂದು ಪಂದ್ಯಕ್ಕೆ ಸರಾಸರಿ 2.8 ಸಲ ದೂರದಿಂದ ಎಸೆಯುತ್ತಿದ್ದದ್ದು, 2024-25ಕ್ಕೆ 37 ದಾಟಿತು. ಎಲ್ಲ ತಂಡವೂ ಒಂದೇ ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಾಗೆ. 2018ರ ಮೇ 28ರಂದು ನಿರ್ಣಾಯಕ ಪಂದ್ಯದಲ್ಲಿ ಹ್ಯೂಸ್ಟನ್ ತಂಡ ಹೀಗೆ ಎಸೆದ 27 ಚೆಂಡು ಒಂದರ ಹಿಂದೊಂದು ತಪ್ಪಿದವು. ಆದರೂ ಎಸೆಯುತ್ತಲೇ ಹೋದರು, ಸೋತರು. ಸರಾಸರಿ ಸುಳ್ಳಾಗಿರಲಿಲ್ಲ. ಆದರೆ ಆ ಸಂಜೆ ಆ ಕೈಗಳಲ್ಲಿ ಇದ್ದದ್ದು ಸರಾಸರಿಯಲ್ಲ; ದಣಿವು, ಅಂಜಿಕೆ. ಹಳೆಯ ಪುರೋಹಿತ ಶಾಸ್ತ್ರ ತೋರಿಸಿ ಬಾಯಿ ಮುಚ್ಚಿಸುತ್ತಿದ್ದ. ಹೊಸ ಪುರೋಹಿತ ಅಂಕಿ ತೋರಿಸಿ ಬಾಯಿ ಮುಚ್ಚಿಸಬಾರದು.

"ಕೋಟಿ ಕೋಟಿ ಎಣಿಸುವ ಆಟಗಾರರಿಗಾಗಿ ನಾವ್ಯಾಕೆ ಮರುಗಬೇಕು?" ಅನ್ನಬಹುದು. ಮರುಗಬೇಡಿ. ಕೂಟದ ಆದಾಯದಲ್ಲಿ ಸುಮಾರು ಅರ್ಧ ಆಟಗಾರರಿಗೆ ಬರುತ್ತದೆ. ಆದರೆ ಆ ಅರ್ಧ ದಾನವಾಗಿ ಬಂದದ್ದಲ್ಲ ಅನ್ನುವುದನ್ನು ಮರೆಯಬೇಡಿ. 1964ರ ಜನವರಿ 14ರಂದು ಬಾಸ್ಟನ್ನಿನಲ್ಲಿ ತಾರೆಗಳ ಪಂದ್ಯ. ದೇಶವೆಲ್ಲ ಟಿವಿ ಮುಂದೆ ಕೂತಿತ್ತು. ಪಿಂಚಣಿಯ ಮಾತು ಕೊಡುವವರೆಗೆ ಅಂಕಣಕ್ಕೆ ಇಳಿಯುವುದಿಲ್ಲ ಅಂತ ಕಪ್ಪು ಬಿಳಿ ಆಟಗಾರರೆಲ್ಲ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಮಾತು ಸಿಕ್ಕಿತು, ಇಳಿದರು. ಆ ಕೋಣೆಯಲ್ಲಿ ಬಿಲ್ ರಸೆಲ್ ಕೂಡ ಇದ್ದ. ಅದಕ್ಕೂ ಮೊದಲು, 1961ರಲ್ಲಿ, ಕೆಂಟಕಿಯ ಲೆಕ್ಸಿಂಗ್ಟನ್ನಿನ ಹೋಟೆಲಿನಲ್ಲಿ ತನ್ನ ಕಪ್ಪು ಗೆಳೆಯರಿಗೆ ಊಟ ಕೊಡದೇ ಹೋದಾಗ, ಅವರ ಜೊತೆ ಪಂದ್ಯವನ್ನೇ ಬಿಟ್ಟು ಊರಿಗೆ ಹೊರಟವನು ಅವನು. ಅವನ ತಡೆಗಳನ್ನು ಯಾರೂ ಎಣಿಸದಿದ್ದರೂ, ಈ ಎರಡು ತಡೆಗಳು ಚರಿತ್ರೆಯಲ್ಲಿ ಉಳಿದಿವೆ.

ಸಂಘ ಇಲ್ಲದವರ ಕಥೆ ಬೇರೆ. 2014ರಲ್ಲಿ ಮೈಗೆ ಕಟ್ಟುವ ಯಂತ್ರಗಳನ್ನು ಪಂದ್ಯದ ಹೊತ್ತಿನಲ್ಲೇ ಕಟ್ಟಿ ಪರೀಕ್ಷೆ ಮಾಡಿದ್ದು ಎನ್‌ಬಿಎ ತಾರೆಗಳ ಮೇಲಲ್ಲ. ಅದರ ಕೆಳಗಿನ ಡಿ-ಲೀಗ್ ಅನ್ನುವ ಕೂಟದ ಹುಡುಗರ ಮೇಲೆ. ಆಗ ಅವರ ಸಂಬಳ ಋತುವಿಗೆ ಸುಮಾರು 13ರಿಂದ 25 ಸಾವಿರ ಡಾಲರ್. ಮೇಲಿನ ಕೂಟಕ್ಕೆ ಏರುವ ಕನಸಿನಲ್ಲಿದ್ದವನು ಒಲ್ಲೆ ಅನ್ನುವುದು ಯಾವ ಬಾಯಲ್ಲಿ? ಅವರಿಗೆ ಸಂಘ ಆದದ್ದು 2020ರಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದ ಅಂಕಣದ ಮೇಲೂ ಅದೇ ಸ್ಪೋರ್ಟ್‌ವಿಯು ಕಣ್ಣು ಕೂತಿತ್ತು. ಕಾಲೇಜು ಹುಡುಗರು ತಮ್ಮ ಹೆಸರಿನಿಂದ ಒಂದು ಕಾಸು ಗಳಿಸಲೂ 2021ರವರೆಗೆ ಬಿಡುತ್ತಿರಲಿಲ್ಲ. ಯಂತ್ರ ಎಲ್ಲರ ಮೈಯನ್ನೂ ಸಮನಾಗಿಯೇ ಅಳೆಯುತ್ತದೆ. ಬೇಡ ಅನ್ನುವ ಶಕ್ತಿ ಮಾತ್ರ ಎಲ್ಲರಿಗೂ ಸಮನಾಗಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು. ಅಳೆಯಲಿ. ಆದರೆ ಅಳೆಸಿಕೊಂಡವನಿಗೆ ಆ ಲೆಕ್ಕ ಮೊದಲು ಗೊತ್ತಾಗಲಿ. ಬೇಡ ಅಂದವನ ಅನ್ನಕ್ಕೆ ಕುತ್ತು ಬಾರದಿರಲಿ. ಮೈ ಉಳಿಸಲು ಬರೆದದ್ದನ್ನು ಕೂಲಿ ಇಳಿಸಲು ಓದದಿರಲಿ. ಈ ಮೂರನ್ನೂ ಒಬ್ಬೊಬ್ಬನೇ ಕೇಳಿದರೆ ಸಿಗುವುದಿಲ್ಲ. ಬಾಸ್ಟನ್ನಿನ ಆ ಕೋಣೆಯಲ್ಲಿ ಕೂತ ಹಾಗೆ ಒಟ್ಟಿಗೆ ಕೂತು ಕೇಳಬೇಕು. ಒಮ್ಮೆ ಸಿಕ್ಕ ಮೇಲೂ, ಹೊಸ ಯಂತ್ರ ಬಂದಾಗಲೆಲ್ಲ ಮತ್ತೆ ಕೂರಬೇಕು.

ಮೇಷ್ಟ್ರುಗಳಿಗೆ ಒಂದು ಕೋರಿಕೆ. ನಿಮ್ಮ ಬಯಲಿನಲ್ಲಿ ಕ್ಯಾಮೆರಾ ಇಲ್ಲ, ಒಳ್ಳೆಯದೇ ಆಯಿತು. ಮರಕ್ಕೆ ಒಂದು ಕಬ್ಬಿಣದ ಬಳೆ ಹೊಡೆಸಿ. ಹುಡುಗಿಯರನ್ನೂ ಹುಡುಗರನ್ನೂ ಸಾಲಾಗಿ ನಿಲ್ಲಿಸಿ. ಎಷ್ಟು ಎಸೆದೆ, ಎಷ್ಟು ಬಿತ್ತು, ಯಾವ ಜಾಗದಿಂದ ಅನ್ನುವುದನ್ನು ಅವರ ನೋಟುಬುಕ್ಕಿನಲ್ಲಿ ಅವರ ಕೈಯಲ್ಲೇ ಬರೆಸಿ. ನೀವು ಬರೆದುಕೊಳ್ಳುವುದಿದ್ದರೆ ಅವರಿಗೆ ತೋರಿಸಿ ಬರೆದುಕೊಳ್ಳಿ. ಗೆಳತಿಗೆ ಚೆಂಡು ಕೊಟ್ಟವಳ, ಎದುರಾಳಿಯನ್ನು ತಡೆದು ನಿಂತವನ ಕೆಲಸಕ್ಕೂ ಒಂದು ಗೆರೆ ಎಳೆಸಿ. ತಿಂಗಳು ಕಳೆದ ಮೇಲೆ, "ನಿನ್ನ ಪುಸ್ತಕ ಏನು ಹೇಳ್ತದೆ?" ಅಂತ ಕೇಳಿ, ಅವರು ಹೇಳಿದ್ದನ್ನು ಕೂತು ಕೇಳಿಸಿಕೊಳ್ಳಿ.